ಏಳಲಾರದ ಮಗ ಸೋಮಾರಿಯೇ?

ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಎರ್ಮಾಳಿನಲ್ಲಿ ಒಂದು ಮನೆಗೆ ಭೇಟಿ ಕೊಟ್ಟಿದ್ದೆ. ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ತಾಯಿ ಮುಚ್ಚಿದ ಕೋಣೆಯ ಕಡೆಗೆ ಕೈ ತೋರಿಸಿ, "ಫಾದರ್, ನೀವಾದರೂ ಇವನಿಗೆ ಬುದ್ಧಿ ಹೇಳಿ. ಕಾಲೇಜಿನಿಂದ ಮೂರು ಸಲ ದೂರು ಬಂತು. ಎಬ್ಬಿಸಿ ಎಬ್ಬಿಸಿ ನನಗೆ ಸಾಕಾಯಿತು" ಎಂದರು. ಪಿಯುಸಿ ಓದುವ ಹುಡುಗ ಕಣ್ಣುಜ್ಜುತ್ತಾ ಹೊರಗೆ ಬಂದ. ನಾನು ಆಲಸ್ಯದ ಬಗ್ಗೆ ಹತ್ತು ನಿಮಿಷ ಉಪದೇಶ ಮಾಡಿದೆ. ಅವನು ತಲೆತಗ್ಗಿಸಿ ಎಲ್ಲವನ್ನೂ ಕೇಳಿ, ಕೊನೆಗೆ ಒಂದೇ ಮಾತು ಹೇಳಿದ: "ಫಾದರ್, ಹತ್ತಕ್ಕೆ ದೀಪ ಆರಿಸಿ ಮಲಗುತ್ತೇನೆ. ಎರಡರ ತನಕ ನಿದ್ರೆಯೇ ಬರುವುದಿಲ್ಲ. ನಾನು ಏನು ಮಾಡಲಿ?"

ನನ್ನಲ್ಲಿ ಉತ್ತರವಿರಲಿಲ್ಲ. ಅನಂತರ ಪರಿಚಯದ ವೈದ್ಯರೊಬ್ಬರನ್ನು ಕೇಳಿ, ಕೆಲವು ಪುಸ್ತಕಗಳನ್ನು ಓದಿ ತಿಳಿದುಕೊಂಡೆ. ನಿಮ್ಮಲ್ಲಿಯೂ ಕೆಲವರ ಮನೆಯಲ್ಲಿ ಇದೇ ಜಗಳ ದಿನವೂ ನಡೆಯುತ್ತಿರಬಹುದು. ಅದಕ್ಕಾಗಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ದೇಹದೊಳಗಿನ ಗಡಿಯಾರ

ನಮ್ಮ ಮೆದುಳಿನಲ್ಲಿ ಒಂದು ಜೈವಿಕ ಗಡಿಯಾರವಿದೆ. ನಿದ್ರೆ, ಹಸಿವು, ಮೈಯ ಬಿಸಿ ಇವೆಲ್ಲ ಅದರ ಲೆಕ್ಕದಂತೆ ನಡೆಯುತ್ತವೆ. ಹೆಚ್ಚಿನವರಲ್ಲಿ ಅದರ ಒಂದು ಸುತ್ತು 24 ಗಂಟೆಗಿಂತ ಸ್ವಲ್ಪ ಉದ್ದ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ದಿನದಿನವೂ ಸರಿಹೊಂದಿಕೊಳ್ಳುತ್ತದೆ. ಹದಿಹರೆಯದಲ್ಲಿ ಈ ಗಡಿಯಾರ ಸಹಜವಾಗಿಯೇ ತಡವಾಗಿ ನಡೆಯುತ್ತದೆ. ಇಪ್ಪತ್ತರ ಆಸುಪಾಸಿನ ನಂತರ ಮೆಲ್ಲಮೆಲ್ಲನೆ ಮುಂಚಿನ ಕಡೆಗೆ ತಿರುಗುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ ಅದು ಎರಡು ಮೂರು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ತಡವಾಗಿ, ಅಲ್ಲಿಯೇ ನಿಂತುಬಿಡುತ್ತದೆ. 1981ರಲ್ಲಿ ಅಮೆರಿಕದ ವೈದ್ಯರು ಇದನ್ನು ಪ್ರತ್ಯೇಕ ತೊಂದರೆಯೆಂದು ಗುರುತಿಸಿ ವಿವರಿಸಿದರು.

ಇದು ಹುಟ್ಟುಗುಣವೂ ಆಗಿರಬಹುದು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣ ನೊಣಗಳ ಮೇಲೆ ಒಂದು ಪ್ರಯೋಗ ನಡೆಯಿತು. ಬೆಳಿಗ್ಗೆ ಕೋಶ ಬಿಟ್ಟು ಹೊರಬರುವ ನೊಣಗಳನ್ನೂ ಸಂಜೆ ಹೊರಬರುವವುಗಳನ್ನೂ ತಲೆಮಾರುಗಳ ಕಾಲ ಬೇರೆಬೇರೆಯಾಗಿ ಸಾಕಿದರು. ಕೊನೆಗೆ ಎರಡು ಗುಂಪುಗಳ ಒಳಗಡಿಯಾರವೇ ಬೇರೆಯಾಯಿತು. ಸಂಜೆಯ ಗುಂಪಿನದು ನಿಧಾನವಾಗಿ ಸುತ್ತುತ್ತಿತ್ತು. ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂದು ಇಂಥ ನೊಣಗಳಲ್ಲಿಯೇ ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸೋಮಾರಿತನವೋ, ಗಡಿಯಾರವೋ?

ಒಂದು ಸುಲಭವಾದ ಪರೀಕ್ಷೆ ಇದೆ. ದೀರ್ಘ ರಜೆಯಲ್ಲಿ ಮಗನನ್ನೋ ಮಗಳನ್ನೋ ಅವರ ಪಾಡಿಗೆ ಬಿಟ್ಟು ನೋಡಿ. ಎರಡು ಗಂಟೆಗೆ ಮಲಗಿ ಹತ್ತಕ್ಕೆ ತಾವಾಗಿ ಎದ್ದು, ಲವಲವಿಕೆಯಿಂದ ಇರುತ್ತಾರೆಯೇ? ಹಾಗಾದರೆ ನಿದ್ರೆ ಕೆಟ್ಟಿಲ್ಲ, ನಿದ್ರೆಯ ಹೊತ್ತು ಮಾತ್ರ ಸರಿದಿದೆ. ಆದರೆ ಎಷ್ಟು ಮಲಗಿದರೂ ಬಳಲಿಕೆ, ಯಾವುದರಲ್ಲೂ ಆಸಕ್ತಿಯಿಲ್ಲ, ಯಾರೊಂದಿಗೂ ಮಾತಿಲ್ಲ ಎಂದಾದರೆ ಅದು ಖಿನ್ನತೆಯೂ ಆಗಿರಬಹುದು. ಆಗ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನೈತಿಕ ದೈವಶಾಸ್ತ್ರದಲ್ಲಿ ನಾವು ಕಲಿತ ಮೊದಲ ಪಾಠವನ್ನು ಆ ದಿನ ನಾನೇ ಮರೆತಿದ್ದೆ. ಮನಸ್ಸಿನ ಒಪ್ಪಿಗೆ ಇಲ್ಲದಲ್ಲಿ ಪಾಪವಿಲ್ಲ. ಆಲಸಿಯು ಎದ್ದಿದ್ದರೂ ಕೆಲಸ ಬೇಡವೆನ್ನುತ್ತಾನೆ. ಈ ಹುಡುಗ ನಿದ್ರೆಗಾಗಿ ನಾಲ್ಕು ಗಂಟೆ ಹೊರಳಾಡಿದ್ದಾನೆ. ಪ್ರೇಷಿತರ ಕಾರ್ಯಕಲಾಪಗಳಲ್ಲಿ ಯೂತಿಕನೆಂಬ ಯುವಕನ ಕತೆಯಿದೆ. ಸಂತ ಪೌಲರು ಮಧ್ಯರಾತ್ರಿಯವರೆಗೆ ಬೋಧಿಸುತ್ತಿದ್ದಾಗ ಕಿಟಕಿಯಲ್ಲಿ ಕುಳಿತಿದ್ದ ಅವನು ತೂಕಡಿಸಿ ಮೂರನೆಯ ಮಹಡಿಯಿಂದ ಕೆಳಗೆ ಬಿದ್ದ. ಪೌಲರು ಇಳಿದುಬಂದು ಅವನನ್ನು ಅಪ್ಪಿಕೊಂಡರು. ಬೈದರೆಂದು ಅಲ್ಲಿ ಬರೆದಿಲ್ಲ.

ನಮ್ಮ ಊರಿನ ಕಾರಣಗಳು

ಭಾರತದ ಗಡಿಯಾರವನ್ನು ನಿಗದಿ ಮಾಡುವ ರೇಖಾಂಶ ನಮ್ಮಿಂದ ಬಹಳ ಪೂರ್ವದಲ್ಲಿದೆ. ಆದ್ದರಿಂದ ಎರ್ಮಾಳಿನ ಸೂರ್ಯ ಕೈಗಡಿಯಾರಕ್ಕಿಂತ ಸುಮಾರು ಅರ್ಧ ಗಂಟೆ ಹಿಂದೆ. ಜನವರಿಯಲ್ಲಿ ಸೂರ್ಯೋದಯಕ್ಕೆ ಏಳು ಗಂಟೆ ಹತ್ತಿರವಾಗುತ್ತದೆ. ಉಡುಪಿ, ಮಣಿಪಾಲದ ಬಸ್ಸು ಹಿಡಿಯುವ ಮಕ್ಕಳು ಕತ್ತಲಲ್ಲೇ ಏಳುತ್ತಾರೆ. ಇನ್ನು ರಾತ್ರಿ, ತಂದೆ ಕುವೈತಿನಲ್ಲಿ ಕೆಲಸ ಮುಗಿಸಿ ಒಂಬತ್ತಕ್ಕೆ ಫೋನ್ ಮಾಡಿದರೆ ಇಲ್ಲಿ ಹನ್ನೊಂದೂವರೆ. ಅಪ್ಪನ ಮುಖ ನೋಡುವ ಆ ಅರ್ಧ ಗಂಟೆಯನ್ನು ಬೇಡವೆನ್ನಲು ಯಾರಿಗೂ ಮನಸ್ಸು ಬಾರದು. ಆದರೆ ಕರೆ ಮುಗಿದ ಮೇಲೂ ಮೊಬೈಲ್ ಕೈಯಲ್ಲೇ ಉಳಿಯುತ್ತದಲ್ಲ, ತೊಂದರೆ ಅಲ್ಲಿದೆ. ರಾತ್ರಿಯ ಬೆಳಕು ಗಡಿಯಾರವನ್ನು ಇನ್ನಷ್ಟು ತಡಮಾಡುತ್ತದೆ. ರಜೆಯ ದಿನಗಳಲ್ಲಾದರೂ ಬೇಗ ಕರೆ ಮಾಡುವಂತೆ ಕೇಳಿಕೊಳ್ಳಬಹುದು.

ಮಾಡಬೇಕಾದದ್ದು

1. ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಮಲಗಿದ್ದು ಎಷ್ಟಕ್ಕೆ, ನಿದ್ರೆ ಬಂದದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ. ವೈದ್ಯರು ಮೊದಲು ಕೇಳುವುದು ಇದನ್ನೇ.

2. ಹತ್ತಕ್ಕೆ ಏಳುವವನನ್ನು ನಾಳೆಯೇ ಐದಕ್ಕೆ ಎಬ್ಬಿಸಿ ಅಂಗಳದಲ್ಲಿ ನಿಲ್ಲಿಸಬೇಡಿ. ಅವನ ದೇಹಕ್ಕೆ ಅದು ಇನ್ನೂ ನಡುರಾತ್ರಿ. ಆ ಹೊತ್ತಿನಲ್ಲಿ ಬಿದ್ದ ಪ್ರಬಲ ಬೆಳಕು ಗಡಿಯಾರವನ್ನು ಇನ್ನೂ ತಡಮಾಡಬಹುದು. ರಜೆ ಸಿಕ್ಕಾಗ, ತಾನಾಗಿ ಏಳುವ ಹೊತ್ತಿನಿಂದಲೇ ಆರಂಭಿಸಿ. ಎದ್ದ ಕೂಡಲೇ ಅರ್ಧ ಗಂಟೆ ಹೊರಗಿನ ಬೆಳಕಿಗೆ ಹೋಗಲಿ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಏಳಲಿ. ಮಳೆಗಾಲದಲ್ಲಿ ಜಗಲಿಯ ಅಂಚಿನಲ್ಲಿ ಕುಳಿತರೂ ಸಾಕು. ಮೋಡದ ಬೆಳಕೂ ಕೋಣೆಯ ಟ್ಯೂಬ್‌ಲೈಟಿಗಿಂತ ಎಷ್ಟೋ ಹೆಚ್ಚು.

3. ರಾತ್ರಿ ಊಟವಾದ ಮೇಲೆ ಮನೆಯ ದೀಪಗಳನ್ನು ಕಡಿಮೆ ಮಾಡಿ. ಮೊಬೈಲ್ ಹಾಲಿನಲ್ಲಿರಲಿ, ತಂದೆತಾಯಿಯರದ್ದೂ ಕೂಡ. ಜಪಸರವನ್ನು ಹತ್ತೂವರೆಗೆ ತಳ್ಳದೆ ಊಟಕ್ಕೆ ಮುಂಚೆಯೇ ಮುಗಿಸಿ. ಸಂಜೆಯ ನಂತರ ಕಾಫಿ, ಚಹಾ ಬೇಡ.

4. ಭಾನುವಾರ ಮಧ್ಯಾಹ್ನದವರೆಗೆ ಮಲಗಿದರೆ ವಾರದ ಶ್ರಮವೆಲ್ಲ ನೀರುಪಾಲು. ಒಂದು ಗಂಟೆ ಹೆಚ್ಚು ಸಾಕು.

5. ಮೆಲಟೋನಿನ್ ಎಂಬ ಮಾತ್ರೆಯನ್ನು ಅಂಗಡಿಯಿಂದ ತಂದು ಮಲಗುವಾಗ ನುಂಗಿಸುವುದು ಸರಿಯಲ್ಲ. ಅದು ಕೆಲಸ ಮಾಡುವುದು ಹೊತ್ತಿನ ಮೇಲೆ. ಸಾಮಾನ್ಯವಾಗಿ ನಿದ್ರೆಗೆ ಹಲವು ಗಂಟೆ ಮೊದಲು, ಸಣ್ಣ ಪ್ರಮಾಣದಲ್ಲಿ ಕೊಡುತ್ತಾರೆ. ವೈದ್ಯರೇ ಹೇಳಲಿ.

6. ನಾಲ್ಕು ಗಂಟೆ ನಿದ್ರೆ ಮಾಡಿದ ಹುಡುಗನ ಕೈಗೆ ಬೈಕಿನ ಕೀಲಿ ಕೊಟ್ಟು ಹೆದ್ದಾರಿಗೆ ಕಳುಹಿಸಬೇಡಿ. ಕಾಲೇಜು ತಪ್ಪಿದರೆ ಒಂದು ದಿನ ಹೋಯಿತು. ಜೀವ ಹೋದರೆ?

ಕಾಲೇಜಿನವರೊಂದಿಗೂ ಮಾತನಾಡಿ. ಶಾಲೆಯ ಹೊತ್ತೇ ಬದಲಾದ ಊರುಗಳಿವೆ: ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 2022ರಿಂದ ಹೈಸ್ಕೂಲುಗಳು ಬೆಳಿಗ್ಗೆ 8.30ಕ್ಕೆ ಮೊದಲು ಆರಂಭವಾಗಬಾರದೆಂಬ ಕಾನೂನು ಬಂದಿದೆ. ನಮ್ಮಲ್ಲಿ ಅಷ್ಟಾಗದಿದ್ದರೂ, ಮೊದಲ ಪೀರಿಯಡ್ ತಪ್ಪಿಸಿಕೊಂಡವನನ್ನು ಹೊರಗೆ ನಿಲ್ಲಿಸುವ ಮುಂಚೆ ಒಂದು ಮಾತು ಕೇಳಬಹುದು. ಎಷ್ಟು ಪ್ರಯತ್ನಿಸಿದರೂ ಗಡಿಯಾರ ಬದಲಾಗದವರಿದ್ದಾರೆ. ಅವರಿಗೆ ಮಧ್ಯಾಹ್ನದ ಪಾಳಿಯ ಕೆಲಸ ಹುಡುಕಿಕೊಟ್ಟರೆ ಅವರೂ ನೆಮ್ಮದಿಯಿಂದ ಬಾಳುತ್ತಾರೆ. ಭಾನುವಾರ ಬೆಳಗಿನ ಪೂಜೆಗೆ ಏಳಲಾರದವರು ಶನಿವಾರ ಸಂಜೆಯ ಪೂಜೆಗೆ ಬರಲಿ. ಧರ್ಮಸಭೆ ಅದನ್ನು ಒಪ್ಪಿದೆ.

ಓದಿ ತಿಳಿದ ಮೇಲೆ ನಾನು ಆ ಮನೆಗೆ ಮತ್ತೆ ಹೋದೆ, ಈ ಸಲ ಸಂಜೆ. "ಅಂದು ನಾನು ಹೇಳಿದ್ದು ತಪ್ಪು ಮಗಾ" ಎಂದೆ. ಅವನು ಏನೂ ಹೇಳಲಿಲ್ಲ. ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡು, "ಇಷ್ಟು ದಿನ ನಾನೂ ಅವನಿಗೆ ಬೈದದ್ದೇ ಫಾದರ್" ಎಂದರು. ಅವನ ಗಡಿಯಾರ ಇನ್ನೂ ಪೂರ್ತಿ ಸರಿಹೋಗಿಲ್ಲ. ಈಗ ಹನ್ನೆರಡೂವರೆಗೆ ನಿದ್ರೆ ಬರುತ್ತದಂತೆ. ಆದರೆ ಬೆಳಿಗ್ಗೆ ಆ ಮನೆಯಲ್ಲಿ ಕೂಗಾಟವಿಲ್ಲ. ತಾಯಿ ಕಿಟಕಿಯ ಪರದೆ ಸರಿಸಿ, ಚಹಾ ಇಟ್ಟು ಹೋಗುತ್ತಾರೆ.

ಈ ವಾರ ನಿಮ್ಮ ಮನೆಯಲ್ಲಿ ಮಗನನ್ನು ಎಬ್ಬಿಸುವ ಮೊದಲು ಒಮ್ಮೆ ಕೇಳಿ: "ನಿನ್ನೆ ರಾತ್ರಿ ನಿನಗೆ ನಿದ್ರೆ ಬಂದದ್ದು ಎಷ್ಟು ಗಂಟೆಗೆ?" ಅವನು ಹೇಳುವ ಉತ್ತರವನ್ನು ನಂಬಿ.