ನಲ್ಲಿಯ ನೀರೂ ನಾನೂರು ರೂಪಾಯಿಯ ದಂಡವೂ

ಸೋದರಿ, ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಡ್ರಮ್ಮಿನಲ್ಲಿ ನೀರು ಶೇಖರಿಸದೆ ಸಂಸಾರ ಸಾಗದೆಂಬ ನಿಮ್ಮ ಮಾತು ನಿರ್ವಿವಾದವಾದುದು. 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆಯ ಉತ್ಪತ್ತಿಗೆ ಎಡೆಗೊಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡ ಗೊತ್ತುಪಡಿಸಿದ ನಮ್ಮ ರಾಜ್ಯ ಸರ್ಕಾರವು, ನಿತ್ಯವೂ ನೀರೊದಗಿಸುವ ತನ್ನ ಹೊಣೆಗೆ ಅಂಥದೇ ದಂಡವನ್ನು ವಿಧಿಸಿಕೊಂಡುದನ್ನು ನಾನಂತೂ ಕಾಣೆನು. ಆದರೆ ಸೊಳ್ಳೆ ಈ ನ್ಯಾಯವನ್ನರಿಯದು. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ತತ್ತಿಗಳು ನೀರಿನಂಚಿನಲ್ಲಿ ಪಾತ್ರೆಯ ಒಳಮೈಗೆ ಅಂಟಿಕೊಂಡು, ಒಣಗಿಯೂ ತಿಂಗಳುಗಟ್ಟಲೆ ಜೀವ ಹಿಡಿದಿರುವುದರಿಂದ, ಬರಿದೆ ನೀರು ಚೆಲ್ಲಿ ಫಲವಿಲ್ಲ. ವಾರಕ್ಕೊಮ್ಮೆಯಾದರೂ, ನೀರು ಬರುವ ಮುನ್ನ, ತೆಂಗಿನ ನಾರಿನಿಂದ ಗಸಗಸನೆ ತಿಕ್ಕಿ ತೊಳೆದು, ತುಂಬಿದೊಡನೆ ಬಾಯಿಗೆ ಹಳೆಯ ಸೀರೆಯನ್ನು ಎರಡು ಮಡಿಕೆಯಾಗಿ ಬಿಗಿಯಿರಿ. ಹಗಲಲ್ಲಿ ಕಚ್ಚುವ ಸೊಳ್ಳೆಯಿದು. ಮಧ್ಯಾಹ್ನ ಮಲಗಿದ ಮಗುವಿಗೂ ಪರದೆ ಬೇಕು. ಜೊತೆಗೆ ನೀರು ಬಂದ ದಿನಾಂಕಗಳನ್ನು ಬರೆದಿಟ್ಟು, ನಿತ್ಯವೂ ನೀರೊದಗಿಸಬೇಕೆಂದು ಓಣಿಯವರೆಲ್ಲರೂ ಸಹಿ ಮಾಡಿ ನಗರಸಭೆಗೆ ಅರ್ಜಿ ಕೊಡಿ.