ಟ್ಯೂಬ್‌ಲೈಟ್ ಆರಿಸು, ಪುಟ್ಟಿ

ಪುಟ್ಟಿ, ನೀನು ಕಳಿಸಿದ 11 ಗುಲಾಬಿ ಫೋಟೊಗಳನ್ನೂ ನೋಡಿದೆ. "ಸೂಪರ್" ಎಂದು ದೊಡ್ಡಮ್ಮ ಆಗಲೇ ಉತ್ತರ ಹಾಕಿಬಿಟ್ಟಿದ್ದಾಳೆ. ಅದನ್ನು ನಂಬಬೇಡ, ಅವಳಿಗೆ ನೀನು ಏನು ಕಳಿಸಿದರೂ ಸೂಪರ್ರೇ. ಸಾಗರದಲ್ಲಿ 38 ವರ್ಷ ಸ್ಟುಡಿಯೊ ನಡೆಸಿದವನು ನಾನು. ಗಿರಾಕಿಗಳ ಮುಂದೆ ಹೊಗಳಿದ್ದು ಬೇಕಾದಷ್ಟಾಗಿದೆ, ಮನೆಮಕ್ಕಳಿಗೆ ಇದ್ದದ್ದು ಇದ್ದಹಾಗೆ ಹೇಳುತ್ತೇನೆ. ಹೂವು ಚೆನ್ನಾಗಿವೆ. ಫೋಟೊ ಆಗಿಲ್ಲ.

ಬೆಳಕು ಸಾಲದೆ ಹೀಗಾಯಿತು ಎಂದು ನೀನು ಬರೆದಿದ್ದೀಯಲ್ಲ, ಅಲ್ಲೇ ತಪ್ಪಿರುವುದು. ಬೆಳಕು ಹೆಚ್ಚಾಗಿ ಹೀಗಾಗಿದೆ. ಪಕ್ಕದಲ್ಲಿ ಕಿಟಕಿ, ತಲೆಯ ಮೇಲೆ ಟ್ಯೂಬ್‌ಲೈಟ್, ಸಾಲದ್ದಕ್ಕೆ ಮೊಬೈಲಿನ ಫ್ಲ್ಯಾಷ್. ಮೂರೂ ಕಡೆಯಿಂದ ಬೆಳಕು ನುಗ್ಗಿದರೆ ಎಸಳಿನ ಮಡಿಕೆಯಲ್ಲಿ ನೆರಳು ಎಲ್ಲಿ ನಿಲ್ಲಬೇಕು ಹೇಳು? ಗುಲಾಬಿಗೆ ಆಕಾರ ಕೊಡುವುದೇ ಎಸಳು ಎಸಳಿನ ನಡುವಿನ ಆ ನೆರಳು. ಅದನ್ನು ಒರೆಸಿ ಹಾಕಿದ್ದಕ್ಕೇ ನಿನ್ನ ಹೂವು ಕುಂಕುಮ ಮೆತ್ತಿದ ಮುದ್ದೆಯ ಹಾಗೆ ಕಾಣುತ್ತಿದೆ.

ನಾನೂ ಇದೇ ತಪ್ಪು ಮಾಡಿದವನೇ. ಸ್ಟುಡಿಯೊ ತೆರೆದ ಹೊಸದರಲ್ಲಿ, ಆಷಾಢದ ಒಂದು ದಿನ, ನಿನ್ನ ಅಜ್ಜಿ ಅಂಗಳದ ಡೇರೆ ಹೂವೊಂದನ್ನು ಕೊಯ್ದು ಕೊಟ್ಟು "ಇದರದ್ದೊಂದು ಪಟ ತೆಗೆ" ಅಂದರು. ಊಟದ ತಟ್ಟೆಯಷ್ಟಗಲದ ನೇರಳೆ ಡೇರೆ. ಹೊಸದಾಗಿ ತಂದಿದ್ದ ಎರಡು ಹ್ಯಾಲೊಜೆನ್ ದೀಪಗಳನ್ನು ಎಡಕ್ಕೊಂದು ಬಲಕ್ಕೊಂದು ನಿಲ್ಲಿಸಿ, ಬೆವರು ಸುರಿಸುತ್ತ ಫೋಕಸ್ ಮಾಡುವಷ್ಟರಲ್ಲಿ ಹೂವು ಆ ಶಾಖಕ್ಕೆ ಕತ್ತು ಬಗ್ಗಿಸಿತ್ತು. ಹಾಗೂ ಹೀಗೂ ಒಂದು ಪಟ ತೆಗೆದೆ. ಪ್ರಿಂಟ್ ನೋಡಿದ ಅಜ್ಜಿ, "ಪ್ಲಾಸ್ಟಿಕ್ಕಿಂದಾ ಇದು?" ಎಂದು ಕೇಳಿ ಒಲೆಯ ಮುಂದೆ ಹೋಗಿ ಕುಳಿತರು. ಮರುದಿನ ಕರೆಂಟು ಹೋಗಿತ್ತು. ಮಳೆಗಾಲದಲ್ಲಿ ನಮ್ಮೂರಿನ ಕರೆಂಟಿನ ಕತೆ ನಿನಗೆ ಗೊತ್ತಿದ್ದದ್ದೇ. ಬೇರೆ ದಾರಿಯಿಲ್ಲದೆ ಇನ್ನೊಂದು ಡೇರೆಯನ್ನು ತಂಬಿಗೆಯಲ್ಲಿಟ್ಟು ಜಗಲಿಯ ಕಿಟಕಿಯ ಪಕ್ಕ ಇರಿಸಿದೆ. ಯಾಶಿಕಾದಲ್ಲಿ ರೋಲಿಗೆ 12 ಫೋಟೊ, ಅದರಲ್ಲಿ ಉಳಿದದ್ದು ಮೂರು. ಆ ಮೂರರಲ್ಲಿ ಒಂದು ಈಗಲೂ ನಮ್ಮ ನಡುಮನೆಯ ಗೋಡೆಯ ಮೇಲಿದೆ. ನೀನು ಚಿಕ್ಕವಳಿದ್ದಾಗ ಮುಟ್ಟಲು ಕೈ ಚಾಚುತ್ತಿದ್ದದ್ದು ಅದಕ್ಕೇ.

ಆದ್ದರಿಂದ ಮೊದಲು ಕಳೆಯುವುದನ್ನು ಕಲಿ. ಟ್ಯೂಬ್‌ಲೈಟ್ ಆರಿಸು. ಫ್ಲ್ಯಾಷ್ ಆರಿಸು. ಎದುರುಬದುರು ಕಿಟಕಿಗಳಿದ್ದರೆ ಒಂದಕ್ಕೆ ಪರದೆ ಎಳೆ. ಬಣ್ಣದ ಕಾರಣಕ್ಕೂ ಇದು ಬೇಕು. ಹಗಲಿನ ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಬಲ್ಬಿನದು 2700ರ ಆಸುಪಾಸು. ಎರಡೂ ಒಟ್ಟಿಗೆ ಬಿದ್ದಾಗ ಕ್ಯಾಮೆರಾ ಒಂದಕ್ಕೆ ಹೊಂದಿಕೊಂಡರೆ ಇನ್ನೊಂದು ಕೆಡುತ್ತದೆ. ಹೂವಿನ ಒಂದು ಕೆನ್ನೆ ನೀಲಿ, ಇನ್ನೊಂದು ಕೆನ್ನೆ ಅರಿಶಿನ. ಆಮೇಲೆ ಯಾವ ಆ್ಯಪಿನಲ್ಲಿ ತಿದ್ದಿದರೂ ಅದು ಪೂರ್ತಿ ಸರಿಹೋಗುವುದಿಲ್ಲ.

ಉತ್ತರದ ಕಿಟಕಿಯ ಬೆಳಕೇ ಮೃದು ಎಂದು ಪುಸ್ತಕಗಳಲ್ಲಿ ಓದಿದ್ದೆ, ನಮ್ಮ ಉತ್ತರದ ಕಿಟಕಿಗೆ ಬೆಳಗ್ಗೆ ಬಿಸಿಲು ಹೊಡೆಯುತ್ತದೆ, ಯಾಕೆ ಎಂದು ಕೇಳಿದ್ದೀಯ. ಒಳ್ಳೆಯ ಪ್ರಶ್ನೆ, ನಾಲ್ಕು ಮಾತು ಹೆಚ್ಚೇ ಹೇಳುತ್ತೇನೆ. ಆ ಪುಸ್ತಕಗಳನ್ನು ಬರೆದವರು ಯುರೋಪು, ಅಮೆರಿಕದವರು. ಅಲ್ಲಿ ನಡುಹಗಲಿನ ಸೂರ್ಯ ವರ್ಷಪೂರ್ತಿ ದಕ್ಷಿಣದಲ್ಲೇ. ನಾವಿರುವುದು ಕರ್ಕಾಟಕ ವೃತ್ತದ ಕೆಳಗೆ, ನೀನಿರುವ ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿ. ಶೂನ್ಯ ನೆರಳಿನ ದಿನ ಎಂದು ಪತ್ರಿಕೆಗಳಲ್ಲಿ ಬರುತ್ತದಲ್ಲ, ಬೆಂಗಳೂರಿಗೆ ಅದು ಏಪ್ರಿಲ್ 24ರ ಸುಮಾರಿಗೊಮ್ಮೆ, ಆಗಸ್ಟ್ 18ರ ಸುಮಾರಿಗೊಮ್ಮೆ. ಆ ಎರಡು ದಿನಗಳ ನಡುವೆ ಸೂರ್ಯ ನಿಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ವಾಲಿರುತ್ತಾನೆ. ಈಗ ಜುಲೈ. ನಿನ್ನ ಉತ್ತರದ ಕಿಟಕಿಗೆ ಬೆಳಗ್ಗೆ, ಸಂಜೆ ಓರೆ ಬಿಸಿಲು ಬಂದೇ ಬರುತ್ತದೆ. ನಡುಮಧ್ಯಾಹ್ನ ಸೂರ್ಯ ಮೇಲೇರಿದಾಗ ಸಜ್ಜಾ ಅದನ್ನು ತಡೆಯುತ್ತದೆ. ದಕ್ಷಿಣದ ಕಿಟಕಿಗಾದರೋ ಈ ತಿಂಗಳು ಒಂದು ಹನಿ ನೇರ ಬಿಸಿಲೂ ಇಲ್ಲ. ಅಂದರೆ ಪುಸ್ತಕದವರ ಉತ್ತರದ ಕಿಟಕಿ ಜುಲೈನಲ್ಲಿ ನಿನ್ನ ಮನೆಯ ದಕ್ಷಿಣದ್ದು. ದಸರೆ ಹೊತ್ತಿಗೆ ಮತ್ತೆ ಅದಲುಬದಲು. ಈ ಮನೆಯಲ್ಲಿ ಎರಡು ವರ್ಷ ಇರುತ್ತೀಯಂತೆ, ಯಾವ ಕಿಟಕಿಗೆ ಯಾವ ತಿಂಗಳು ಎಷ್ಟು ಗಂಟೆಗೆ ಬಿಸಿಲು ಎಂದು ಕ್ಯಾಲೆಂಡರಿನ ಮೇಲೇ ಬರೆದಿಡು. ಐವತ್ತು ಸಾವಿರದ ಲೆನ್ಸಿಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ. (ಆ ಲೆನ್ಸಿನ ಮಾತು ನಿಮ್ಮಪ್ಪ ಹೇಳಿದ. ಸದ್ಯಕ್ಕೆ ಕೊಳ್ಳಬೇಡ.)

ಬಿಸಿಲು ಬೀಳುವ ಕಿಟಕಿಯೇ ಗತಿಯಾದರೆ ಬಿಳಿ ಪಂಚೆ ಕಟ್ಟು. ಒಗೆದು ಒಗೆದು ತೆಳುವಾದ ಹಳೇ ಪಂಚೆಯೇ ಒಳ್ಳೆಯದು, ಜರಿ ಅಂಚು ಬೇಡ. ಸೂರ್ಯ ಎಷ್ಟೇ ದೊಡ್ಡವನಾದರೂ ನಮಗೆ ಕಾಣುವುದು ಒಂದು ಪುಟ್ಟ ಬೊಟ್ಟು, ಅದಕ್ಕೇ ಅವನ ನೆರಳಿಗೆ ಚಾಕುವಿನ ಅಂಚು. ಆ ಬಿಸಿಲು ಪಂಚೆಗೆ ಬಿದ್ದೊಡನೆ ಇಡೀ ಪಂಚೆಯೇ ದೀಪವಾಗುತ್ತದೆ. ದೀಪ ಹೂವಿಗಿಂತ ದೊಡ್ಡದಾದಷ್ಟೂ ನೆರಳಿನ ಅಂಚು ಕರಗುತ್ತದೆ. ಮಳೆಗಾಲದ ಮೋಡ ಇದೇ ಕೆಲಸವನ್ನು ಇಡೀ ಆಕಾಶಕ್ಕೆ ಮಾಡಿಕೊಡುತ್ತದೆ. ಹಾಗಾಗಿ ನಮ್ಮ ಡೇರೆಗೆ ಮಳೆಗಾಲದಷ್ಟು ಒಳ್ಳೆಯ ಸ್ಟುಡಿಯೊ ಇನ್ನೊಂದಿಲ್ಲ.

ಹೂಜಿಯನ್ನು ಎಲ್ಲಿ ಇಡಬೇಕು ಎಂಬುದನ್ನು ಓದಿ ಕಲಿಯಲಾಗದು, ಸರಿಸಿ ಸರಿಸಿ ನೋಡಬೇಕು. ಕಿಟಕಿಗೆ ಒಂದು ಗೇಣು ದೂರದಲ್ಲಿಟ್ಟರೆ ಹೂವಿನ ಮೇಲೆ ಬೆಳಕು ತುಂಬಿ, ಹಿಂದಿನ ಗೋಡೆ ತಾನಾಗಿ ಕತ್ತಲಿಗೆ ಸರಿಯುತ್ತದೆ. ನಾಲ್ಕು ಮಾರು ಒಳಗಿಟ್ಟರೆ ಹೂವಿಗೂ ಗೋಡೆಗೂ ಒಂದೇ ಬೆಳಕು. ಕಿಟಕಿಗೆ ಬೆನ್ನು ಹಾಕಿ ನಿಂತು ತೆಗೆದರೆ ಚಪ್ಪಟೆ, ಕಿಟಕಿ ಪಕ್ಕಕ್ಕೆ ಬಂದರೆ ಉಬ್ಬುತಗ್ಗು ಕಾಣುತ್ತದೆ, ಕಿಟಕಿ ಹೂವಿನ ಹಿಂದೆ ಹೋದರೆ ಎಸಳಿನ ನರಗಳು ಎಣಿಸುವಷ್ಟು ಹೊಳೆಯುತ್ತವೆ. ದಾಸವಾಳಕ್ಕೆ ನಾನು ಯಾವಾಗಲೂ ಕೊನೆಯದನ್ನೇ ಆರಿಸುವುದು. ನೆರಳಿನ ಕಡೆ ತೀರಾ ಕಪ್ಪಾಯಿತು ಅನ್ನಿಸಿದರೆ ಟಿವಿ ಪೆಟ್ಟಿಗೆಯ ಥರ್ಮೊಕೋಲ್ ತುಂಡನ್ನು ಆ ಕಡೆ ನಿಲ್ಲಿಸು. ತುಸು ಬೆಳಕು ತಿರುಗಿ ಬರುತ್ತದೆ. ತುಸು ಸಾಕು. ನೆರಳು ಆಗಲೇ ತೆಳುವಾಗಿದ್ದರೆ ಅದೇ ಜಾಗದಲ್ಲಿ ಕಪ್ಪು ಕೊಡೆ ಬಿಚ್ಚಿಡು, ನೆರಳು ಗಟ್ಟಿಯಾಗುತ್ತದೆ. ಈ ಕೊಡೆಯ ಉಪಾಯ ಯಾರಿಗೂ ಹೇಳಿರಲಿಲ್ಲ.

ಪ್ರಾಗ್ ನಗರದಲ್ಲಿ ಯೋಸೆಫ್ ಸುಡೆಕ್ ಎಂಬ ಛಾಯಾಗ್ರಾಹಕ ಇದ್ದ. ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವನು, ಒಂದೇ ಕೈಯಲ್ಲಿ ಭಾರದ ಕ್ಯಾಮೆರಾಗಳನ್ನು ಹೊತ್ತು ತಿರುಗಿದವನು. 1940ರಿಂದ 14 ವರ್ಷ ತನ್ನ ಸ್ಟುಡಿಯೊದ ಕಿಟಕಿಯನ್ನೇ ಮತ್ತೆ ಮತ್ತೆ ತೆಗೆದ. ಆವಿ ಕಟ್ಟಿದ ಗಾಜು, ಕಿಟಕಿಕಟ್ಟೆಯ ಮೇಲೆ ನೀರಿನ ಲೋಟ, ಕೆಲವೊಮ್ಮೆ ಅದರಲ್ಲೊಂದು ಹೂವು. ಅವನ ಪಟಗಳನ್ನು ನೀನು ಫೋನಿನಲ್ಲಿ ಹುಡುಕಿ ನೋಡು. ಹೂವು ಎಷ್ಟು ಚಿಕ್ಕದು, ಕತ್ತಲು ಎಷ್ಟು ದೊಡ್ಡದು ಎಂಬುದನ್ನು ಗಮನಿಸು. ಇಮೋಜೆನ್ ಕನಿಂಗ್‌ಹ್ಯಾಮ್ ಅಂತ ಅಮೆರಿಕದ ಹೆಂಗಸು, ಮೂರು ಗಂಡುಮಕ್ಕಳನ್ನು ಸಾಕುತ್ತ ಮನೆ ಬಿಟ್ಟು ಹೊರಡಲಾಗದೆ ಮನೆಯಂಗಳದ ಗಿಡಗಳಿಗೆ ಕ್ಯಾಮೆರಾ ತಿರುಗಿಸಿದವಳು. ಅವಳ ಮ್ಯಾಗ್ನೋಲಿಯಾ 1925ರದು. ಎಸಳಿನ ಬಿಳುಪಿನಲ್ಲಿ ಎಷ್ಟು ಬಗೆಯ ಬೂದು ಇದೆ ಎಂದು ಅದರಲ್ಲಿ ಎಣಿಸು.

ಬಿಳಿಯ ಮಾತು ಬಂದಿದ್ದಕ್ಕೆ ಹೇಳುತ್ತೇನೆ, ಕ್ಯಾಮೆರಾಕ್ಕೆ ಪ್ರಪಂಚವೆಲ್ಲ ಬೂದು ಎಂಬ ಭ್ರಮೆ. ಬಿಳಿ ಗೋಡೆಯ ಮುಂದೆ ಸುಗಂಧರಾಜ ಇಟ್ಟರೆ ಮಬ್ಬು ಮಾಡಿ ಕೊಡುತ್ತದೆ. ಆಗ ಹೂವಿನ ಮೇಲೆ ಬೆರಳೊತ್ತಿ, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆ ಜಾರಿಸು. ಕೆಂಪು ಗುಲಾಬಿಗೆ, ಕನಕಾಂಬರಕ್ಕೆ ಕೆಳಕ್ಕೆ. ಕೆಂಪು ಬಣ್ಣ ಬೇಗ ತುಂಬಿ ತುಳುಕುತ್ತದೆ, ತುಳುಕಿದ ಮೇಲೆ ಒಳಗಿನ ಗೆರೆ ಯಾವುದೂ ಉಳಿಯುವುದಿಲ್ಲ. ಪೋರ್ಟ್ರೇಟ್ ಮೋಡ್ ಬೇಡವೇ ಬೇಡ. ಎಲೆಯ ಮುಳ್ಳಂಚು ಎಲ್ಲಿ ಮುಗಿಯಿತೆಂದು ಅದು ಬರೀ ಊಹಿಸಿ ತಿಂದುಹಾಕುತ್ತದೆ. ನಿಮ್ಮಪ್ಪನ ಹಳೆಯ ಕ್ಯಾಮೆರಾ ಹಿಡಿದರೆ ಐಎಸ್‌ಒ 100, ಅಪರ್ಚರ್ ಎಫ್ 8. ಮೋಡದ ದಿನ ಅರ್ಧ ಸೆಕೆಂಡು, ಒಂದು ಸೆಕೆಂಡು ಬೇಕಾದೀತು. ಕೈಯಲ್ಲಿ ಹಿಡಿದರೆ ಆಗದು, ಟ್ರೈಪಾಡ್ ಇಲ್ಲದಿದ್ದರೆ ಅಕ್ಕಿ ಡಬ್ಬದ ಮೇಲಿಡು. 2 ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆ. ಫ್ಯಾನ್ ಆರಿಸಲು ಮರೆಯಬೇಡ. ನಾನು ಎಷ್ಟೋ ಸಲ ಮರೆತಿದ್ದೇನೆ.

ಹೂವಿನ ಕಡೆಯೂ ನೋಡು. ತಂದ ಕೂಡಲೇ ಬಕೆಟ್ ನೀರಿನೊಳಗೇ ಕಾಂಡವನ್ನು ಓರೆಯಾಗಿ ಒಂದಿಂಚು ಕತ್ತರಿಸು. ಹೊರಗೆ ಕತ್ತರಿಸಿದರೆ ನೀರು ಏರುವ ನಾಳಗಳಿಗೆ ಗಾಳಿ ಹೊಕ್ಕು ಕುತ್ತಿಗೆ ಬಾಗುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನು ಕಿತ್ತುಬಿಡು, ಕೊಳೆಯುತ್ತವೆ. ಅಂಗಡಿ ಗುಲಾಬಿಯ ಹೊರಗಿನ ಜಜ್ಜಿದ ಎರಡೆಸಳು ತೆಗೆದರೆ ಒಳಗೆ ಹೊಸ ಹೂವೇ ಇರುತ್ತದೆ. ಗುಲಾಬಿ ಮೊಗ್ಗು ಹೂಜಿಯಲ್ಲೂ ಅರಳುತ್ತದೆ, ಸುಗಂಧರಾಜ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಬಿಡಿಸಿಕೊಳ್ಳುತ್ತದೆ. ಡೇರೆ ಮಾತ್ರ ಹಟಮಾರಿ, ಕೊಯ್ದ ಮೇಲೆ ಹೆಚ್ಚೇನೂ ಅರಳದು, ಬಿರಿದ ಮೇಲೆಯೇ ಕೊಯ್ಯಬೇಕು. ನೀರು ಚಿಮುಕಿಸಿ ಇಬ್ಬನಿ ನಟಿಸುವ ಚಟ ನಿನಗೆ ಹತ್ತಿದೆ, ಐದನೇ ಫೋಟೊದಲ್ಲಿ ಕಂಡೆ. ಅಡುಗೆಮನೆಯ ಒಳಗೆ ಇಬ್ಬನಿ ಎಲ್ಲಿಂದ ಬಂತು?

ಆ ಗುಲಾಬಿಗಳನ್ನು ಇನ್ನೂ ಎಸೆದಿಲ್ಲ ತಾನೇ? ಎಸೆಯಬೇಡ. ನಾಲ್ಕನೆಯ ದಿನಕ್ಕೆ ಎಸಳಿನ ಅಂಚು ಸುರುಟಿ, ಕೆಂಪು ಕಪ್ಪಿಗೆ ತಿರುಗುತ್ತದೆ. ಹೊಸ ಹೂವಿನಲ್ಲಿ ಇಲ್ಲದಷ್ಟು ಗೆರೆ, ಮಡಿಕೆ ಅದರಲ್ಲಿರುತ್ತವೆ. ನಾಳೆ ಮಧ್ಯಾಹ್ನ ದಕ್ಷಿಣದ ಕಿಟಕಿಯ ಹತ್ತಿರ ಒಂದನ್ನೇ ಇಟ್ಟು, ಮೂರೇ ಮೂರು ಫೋಟೊ ತೆಗೆದು ಕಳಿಸು. 11 ಬೇಡ.

ಡೇರೆಯ ಗೆಡ್ಡೆ ಕಿತ್ತಾಗ ನಿನಗೊಂದು ಎತ್ತಿಡುತ್ತಾಳಂತೆ ದೊಡ್ಡಮ್ಮ. ನಿನ್ನ ಬಾಲ್ಕನಿ ಯಾವ ದಿಕ್ಕಿಗಿದೆ ಎಂದು ಮೊದಲು ತಿಳಿಸಬೇಕಂತೆ.