ದೇಶವ್ರತ ಮತ್ತು ಯಾತ್ರೆಯ ತಂಗುದಾಣಗಳು

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ವಿಷಯವಾಗಿ ಬಸದಿಗಳಲ್ಲಿಯೂ ಮನೆಗಳಲ್ಲಿಯೂ ಆಗಾಗ ಉಪದೇಶ ನಡೆಯುತ್ತದೆ. ದಿಗ್ವ್ರತ, ದೇಶವ್ರತಗಳ ಪ್ರಸ್ತಾಪ ಬಂದಾಗ ಮಾತ್ರ ಅವು ಹಡಗು ಬಂಡಿಗಳಲ್ಲಿ ಸರಕು ಹೇರಿಕೊಂಡು ಹೊರಡುತ್ತಿದ್ದ ಹಿಂದಿನ ಸೆಟ್ಟರಿಗೆ ವಿಧಿಸಿದ ನಿಯಮಗಳೆಂದು ಭಾವಿಸಿ ಮುಂದೆ ಸಾಗುವವರೇ ಹೆಚ್ಚು. ಆದರೆ ಹಿಂದಿನ ಗೃಹಸ್ಥನು ವರ್ಷವೊಂದರಲ್ಲಿ ದಾಟದಿದ್ದ ಎಲ್ಲೆಯನ್ನು ಇಂದಿನ ಬಾಲಕನು ಮೋಟಾರಿನಲ್ಲಿ ಕುಳಿತು ಒಂದು ರಜೆಯಲ್ಲಿಯೇ ದಾಟುತ್ತಾನೆ. ಈ ಎರಡು ವ್ರತಗಳನ್ನು ಅರಿಯಲು ಮನೆಯವರೆಲ್ಲರ ದೂರದ ಯಾತ್ರೆಗಿಂತ ಒಳ್ಳೆಯ ಸಂದರ್ಭ ದೊರೆಯಲಾರದು.

ಹತ್ತು ದಿಕ್ಕುಗಳಲ್ಲಿಯೂ ತನ್ನ ಸಂಚಾರಕ್ಕೆ ಜೀವನಪರ್ಯಂತ ಎಲ್ಲೆಯನ್ನು ಗೊತ್ತುಮಾಡಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯ ಒಳಗೆ ಒಂದು ದಿನ, ಒಂದು ಪಕ್ಷ, ಒಂದು ತಿಂಗಳು ಹೀಗೆ ಕಾಲಮಿತಿಯಿಂದ ಇನ್ನೂ ಕಿರಿದಾದ ಎಲ್ಲೆಯನ್ನು ಹಾಕಿಕೊಳ್ಳುವುದು ದೇಶವ್ರತ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದೇಶವ್ರತವನ್ನು ದಿಗ್ವ್ರತದ ಜೊತೆಯಲ್ಲಿಯೇ ಎಣಿಸಿದ್ದಾರೆ. ಸಮಂತಭದ್ರ ಸ್ವಾಮಿಗಳು ರತ್ನಕರಂಡಕದಲ್ಲಿ ಅದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸಿದ್ದಾರೆ. ಎಣಿಕೆಯಲ್ಲಿ ಭೇದವಿದೆ, ಆಚರಣೆಯಲ್ಲಿ ಭೇದವಿಲ್ಲ.

ಉದಾಹರಣೆಗಾಗಿ ಘಾಟಿ ಸುಬ್ರಹ್ಮಣ್ಯದ ಆಸುಪಾಸಿನಲ್ಲಿ ನೆಲೆಸಿದ ಒಂದು ಮನೆತನವನ್ನು ಕಲ್ಪಿಸಿಕೊಳ್ಳಬಹುದು. ಮನೆಯಲ್ಲಿ ರಾತ್ರಿಭೋಜನ ತ್ಯಾಗವನ್ನು ನಿಯಮವಾಗಿ ಹಿಡಿದ ಅಜ್ಜಿ, ತಂದೆ ತಾಯಿ, ಹದಿನಾರು ವರ್ಷದ ಮಗ, ಹದಿನಾಲ್ಕು ವರ್ಷದ ಮಗಳು. ಡಿಸೆಂಬರ್ ಕೊನೆಯ ರಜೆಯಲ್ಲಿ ಶ್ರವಣಬೆಳಗೊಳ, ಧರ್ಮಸ್ಥಳ, ವೇಣೂರು, ಮೂಡುಬಿದಿರೆ, ಕಾರ್ಕಳಗಳ ದರ್ಶನಕ್ಕೆ ಹೊರಡುವುದೆಂದು ನಿಶ್ಚಯವಾಗಿದೆ. ಘಾಟಿಯ ಗುಡಿಯಲ್ಲಿ ಒಂದೇ ಶಿಲೆಯ ಪೂರ್ವಮುಖದಲ್ಲಿ ಸುಬ್ರಹ್ಮಣ್ಯನೂ ಪಶ್ಚಿಮಮುಖದಲ್ಲಿ ನರಸಿಂಹನೂ ಇರುವುದರಿಂದ ಹಿಂಬದಿಯ ಮೂರ್ತಿಯನ್ನು ಕನ್ನಡಿಯಲ್ಲಿ ತೋರಿಸುವ ಏರ್ಪಾಡು ಪ್ರಸಿದ್ಧವಾದುದು. ಅಲ್ಲಿನ ದನಗಳ ಜಾತ್ರೆಯೂ ಅಷ್ಟೇ ಪ್ರಸಿದ್ಧ. ಪುಷ್ಯಮಾಸದ ಆ ಜಾತ್ರೆ ಹತ್ತಿರವಾದಾಗ ದೊಡ್ಡಬಳ್ಳಾಪುರದ ದಾರಿಯಲ್ಲಿ ರಾಸುಗಳ ಸಾಲು ಸಾಲೇ ಎದುರಾಗುವುದುಂಟು. ಆ ದಿನಗಳಲ್ಲಿ ಹೊರಡುವವರು ಬೆಳಗಿನ ಒಂದು ಗಂಟೆಯನ್ನು ಮೊದಲೇ ಲೆಕ್ಕದಿಂದ ಕಳೆದಿಟ್ಟುಕೊಳ್ಳುವುದು ಕ್ಷೇಮ.

ಮಗನು ಮೊಬೈಲಿನ ನಕ್ಷೆಯನ್ನು ನೋಡಿ ಒಂದು ಯೋಜನೆ ತಯಾರಿಸುತ್ತಾನೆ. ಮೊದಲನೆಯ ದಿನ ತುಮಕೂರಿನ ಬಳಿಯ ಮಂದರಗಿರಿಯನ್ನು ಕಂಡು, ಕುಣಿಗಲ್, ಹಿರೀಸಾವೆಗಳ ಮಾರ್ಗವಾಗಿ ಶ್ರವಣಬೆಳಗೊಳ. ಎರಡನೆಯ ದಿನ ವಿಂಧ್ಯಗಿರಿಯನ್ನೇರಿ ಇಳಿದು, ಹಾಸನ, ಸಕಲೇಶಪುರ, ಶಿರಾಡಿ ಘಟ್ಟವನ್ನು ದಾಟಿ ನೇರವಾಗಿ ಮೂಡುಬಿದಿರೆ. ಆರು ಗಂಟೆಯ ಪ್ರಯಾಣವೆಂದು ನಕ್ಷೆ ತೋರಿಸುತ್ತದೆ. ಅಜ್ಜಿ ಕೇಳುವುದು ಒಂದೇ ಪ್ರಶ್ನೆ: “ಊಟ ಎಲ್ಲಿ ಮಗು, ಎಷ್ಟು ಹೊತ್ತಿಗೆ?” ನಕ್ಷೆಯಲ್ಲಿ ಅದಕ್ಕೆ ಉತ್ತರವಿಲ್ಲ.

ತಂಗುದಾಣವನ್ನು ಗೊತ್ತುಮಾಡಬೇಕಾದುದು ಕಿಲೋಮೀಟರುಗಳಿಂದಲ್ಲ, ಸೂರ್ಯನಿಂದ. ಡಿಸೆಂಬರ್ ಕೊನೆಯಲ್ಲಿ ಘಾಟಿಯ ಸೀಮೆಯಲ್ಲಿ ಸೂರ್ಯೋದಯ ಸುಮಾರು 6.40ಕ್ಕೆ, ಸೂರ್ಯಾಸ್ತ ಸುಮಾರು 6 ಗಂಟೆಗೆ. ಉದಯದ ನಂತರ ಎರಡು ಘಳಿಗೆ, ಅಸ್ತಕ್ಕೆ ಮುಂಚೆ ಎರಡು ಘಳಿಗೆ, ಎಂದರೆ 48 ನಿಮಿಷಗಳನ್ನು ಬಿಡುವ ಕಟ್ಟುನಿಟ್ಟಿನ ನಿಯಮದವರಿಗೆ ಉಳಿಯುವ ಕಾಲ ಬೆಳಗಿನ ಏಳೂವರೆಯಿಂದ ಸಂಜೆ ಐದೂ ಹತ್ತರವರೆಗೆ. ಪಶ್ಚಿಮಕ್ಕೆ ಎರಡೂವರೆ ರೇಖಾಂಶ ಸರಿದ ಮೂಡುಬಿದಿರೆಯಲ್ಲಿ ಸೂರ್ಯನು ಹತ್ತು ನಿಮಿಷ ತಡವಾಗಿ ಮುಳುಗುತ್ತಾನೆ. ಈ ಹತ್ತು ನಿಮಿಷವನ್ನು ನಂಬಿ ಹೊರಡುವುದು ಅವಿವೇಕ. ಒಂದು ಲಾರಿ ಘಟ್ಟದ ತಿರುವಿನಲ್ಲಿ ಕೆಟ್ಟು ನಿಂತರೆ ಹತ್ತು ನಿಮಿಷವೇನು, ಎರಡು ಗಂಟೆಯೂ ಕಳೆದುಹೋಗುತ್ತದೆ. 2018ರ ಮಳೆಗಾಲದಲ್ಲಿ ಗುಡ್ಡ ಕುಸಿದು ಶಿರಾಡಿಯ ಸಂಚಾರವೇ ನಿಂತುಹೋಗಿದ್ದುದನ್ನು ಆ ಭಾಗದವರು ಮರೆತಿಲ್ಲ. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನೆಲೆನಿಲ್ಲುವ ಕಾಲದಲ್ಲಿ ಶ್ರಾವಕನೂ ದೂರ ಪ್ರಯಾಣವನ್ನು ಮಿತಗೊಳಿಸುವುದು ಜೀವದಯೆಗೂ ಹಿತ, ಶರೀರಕ್ಕೂ ಹಿತ.

ಈ ಲೆಕ್ಕದಿಂದ ಮಗನ ಯೋಜನೆಯನ್ನು ಪರೀಕ್ಷಿಸಬಹುದು. ವಿಂಧ್ಯಗಿರಿಗೆ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳು. ಪಾದರಕ್ಷೆ ಇಲ್ಲದೆ ಏರಬೇಕಾದ ಆ ಬಂಡೆ ಹೊತ್ತೇರಿದಂತೆ ಕಾಯುತ್ತದೆ. ಆದುದರಿಂದ ಬೆಳಗಿನಲ್ಲಿಯೇ ಏರಿ, ಅಜ್ಜಿಯನ್ನು ಡೋಲಿಯಲ್ಲಿ ಕರೆದೊಯ್ದು, ಇಳಿದು ಊಟ ಮುಗಿಸುವಾಗ ಹತ್ತೂವರೆ. ಅಲ್ಲಿಂದ ಆರು ಗಂಟೆಯ ದಾರಿ, ಮಕ್ಕಳಿಗೆ ತಿರುವುಗಳಲ್ಲಿ ಹೊಟ್ಟೆ ತೊಳಸುವುದರಿಂದ ಸಕಲೇಶಪುರದಲ್ಲಿ ಅರ್ಧ ಗಂಟೆಯ ವಿಶ್ರಾಂತಿ. ಮೂಡುಬಿದಿರೆ ಸೇರಿದಾಗ ಐದು ಗಂಟೆ, ಅಡಿಗೆ ಇನ್ನೂ ಒಲೆಯ ಮೇಲೆ. ಅಜ್ಜಿ ಮಾತನಾಡದೆ ಉಪವಾಸ ಮಲಗುತ್ತಾರೆ. ಮೊಮ್ಮಕ್ಕಳು ಅವರ ಮುಂದೆ ಉಣ್ಣಲಾರದೆ, ಉಣ್ಣದೆ ಇರಲಾರದೆ ಸಂಕಟಪಡುತ್ತಾರೆ. ವ್ರತದ ಮೇಲೆ ಎಳೆಯರಿಗೆ ಬೇಸರ ಹುಟ್ಟುವುದು ಇಂತಹ ರಾತ್ರಿಗಳಲ್ಲಿಯೇ. ಅದೇ ದಿನ ಧರ್ಮಸ್ಥಳದಲ್ಲಿ ತಂಗಿದರೆ ನಾಲ್ಕು ಗಂಟೆಯ ವೇಳೆಗೆ ತಲುಪಿ, ಹಗಲಿರುವಾಗಲೇ ಉಂಡು, 1982ರಲ್ಲಿ ಪ್ರತಿಷ್ಠಿತನಾದ 39 ಅಡಿಯ ಬಾಹುಬಲಿಯ ದರ್ಶನವನ್ನೂ ಪಡೆಯಬಹುದು. ಮರುದಿನ 1604ರ ವೇಣೂರಿನ ಮೂರ್ತಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿ, 1432ರ ಕಾರ್ಕಳದ ಮೂರ್ತಿ, ಮೂರೂ ಅಲ್ಪ ದೂರದಲ್ಲಿಯೇ ಇವೆ.

ನೀರಿನ ವಿಷಯ. ಸೋಸಿದ ನೀರಿಗೆ ಎರಡು ಘಳಿಗೆಯ ಮರ್ಯಾದೆ, ಲವಂಗಾದಿಗಳಿಂದ ಪ್ರಾಸುಕಗೊಳಿಸಿದ ನೀರಿಗೆ ಎರಡು ಪ್ರಹರ, ಚೆನ್ನಾಗಿ ಕುದಿಸಿದ ನೀರಿಗೆ ಇಪ್ಪತ್ತನಾಲ್ಕು ಗಂಟೆ. ಸೋಸುವ ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರೆತ್ತಿದ ಅದೇ ಬಾವಿಗೆ ಸೇರಿಸಬೇಕಾದ ಕಾರಣ, ಬಾವಿಯಿಂದ ಎತ್ತಿದ ನೀರನ್ನು ದಾರಿಯಲ್ಲಿ ಸೋಸುವಂತಿಲ್ಲ. ತಂಗಿದಲ್ಲಿಯೇ ಸೋಸಿ ಕುದಿಸಿ ತುಂಬಿಕೊಳ್ಳಬೇಕು. ಹಿಟ್ಟಿಗೆ ಚಳಿಗಾಲದಲ್ಲಿ ಏಳು ದಿನ, ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಮೂರು ದಿನಗಳ ಮರ್ಯಾದೆ ಇರುವುದರಿಂದ ಈ ಯಾತ್ರೆಗೆ ಮನೆಯ ಹಿಟ್ಟೇ ಸಾಕು.

ಇನ್ನು ಅತಿಚಾರಗಳು. ದಿಗ್ವ್ರತದ ಐದು ಅತಿಚಾರಗಳಲ್ಲಿ ಮೊದಲ ಮೂರು ಮೇಲೆ, ಕೆಳಗೆ, ಸುತ್ತಲೂ ಎಲ್ಲೆ ಮೀರುವುದು. ಉಳಿದ ಎರಡು ಕ್ಷೇತ್ರವೃದ್ಧಿ ಮತ್ತು ಸ್ಮೃತ್ಯಂತರಾಧಾನ. ಎಲ್ಲೆಯನ್ನು ಮರೆತುಬಿಡುವುದು ಎರಡನೆಯದು. ಅದಕ್ಕೆ ಔಷಧ ಸುಲಭ: ಪೂರ್ವದಲ್ಲಿ ಘಾಟಿ, ಪಶ್ಚಿಮದಲ್ಲಿ ಮೂಡುಬಿದಿರೆ ಕಾರ್ಕಳಗಳ ಸಾಲು, ನಡುವೆ ನಿಗದಿಯಾದ ಕ್ಷೇತ್ರಗಳು, ನಾಲ್ಕು ದಿನ ಎಂದು ಪುಸ್ತಕದಲ್ಲಿ ಬರೆಯುವುದು. ಬರೆಯುವ ಕೆಲಸ ಮಗಳದಾಗಲಿ. ಕ್ಷೇತ್ರವೃದ್ಧಿ ಇನ್ನೂ ಸೂಕ್ಷ್ಮವಾದುದು. ಒಂದು ದಿಕ್ಕಿನಲ್ಲಿ ಉಳಿಸಿದ ದೂರವನ್ನು ಮತ್ತೊಂದು ದಿಕ್ಕಿಗೆ ಕೂಡಿಸಿ ಎಲ್ಲೆಯನ್ನು ಹಿಗ್ಗಿಸುವುದೇ ಅದು. ಜಾತ್ರೆಯ ದನಗಳ ಸಾಲಿನಲ್ಲಿ ತಡವಾಗಿ ಮಂದರಗಿರಿ ಬಿಟ್ಟುಹೋಯಿತೆಂದು ಇಟ್ಟುಕೊಳ್ಳಿ. “ಅಪ್ಪಾ, ಅಲ್ಲಿ ಉಳಿದ ದೂರಕ್ಕೆ ಮಲ್ಪೆಯ ಕಡಲನ್ನು ನೋಡಿಬರೋಣ” ಎಂದು ಕಾರ್ಕಳದಲ್ಲಿ ಮಗ ಕೇಳುತ್ತಾನೆ. ತಂದೆ ಗದರಿಸುತ್ತಾರೆ. ಆದರೆ ಅರ್ಧ ಗಂಟೆಯ ಹಿಂದೆ ಅವರೇ “ಇಷ್ಟು ದೂರ ಬಂದಿದ್ದೇವೆ, ಹುಂಚಕ್ಕೂ ಹೋಗಿಬಿಡೋಣ” ಎಂದಿದ್ದರೆ? ಎಲ್ಲೆ ಹಾಕುವಾಗಲೇ ಕ್ಷೇತ್ರದರ್ಶನಕ್ಕೆ ಅವಕಾಶವಿಟ್ಟುಕೊಂಡಿರದಿದ್ದರೆ ಹಿರಿಯರ ಹುಂಚವೂ ಕಿರಿಯರ ಮಲ್ಪೆಯೂ ಒಂದೇ ಅತಿಚಾರ. ಹಿರಿಯರು ತಮ್ಮ ಆಸೆಗೆ ಭಕ್ತಿಯ ಹೆಸರಿಟ್ಟುಕೊಳ್ಳುವುದನ್ನು ಮಕ್ಕಳು ಬಹುಬೇಗ ಕಂಡುಹಿಡಿಯುತ್ತಾರೆ. ಕಡಲನ್ನು ನೋಡುವುದು ದೋಷವೆಂದು ಯಾವ ಶ್ರಾವಕಾಚಾರವೂ ಹೇಳಿಲ್ಲ. ಹೊರಡುವ ಮುನ್ನವೇ ಮಕ್ಕಳನ್ನು ಕೂರಿಸಿಕೊಂಡು ಅವರು ಬಯಸುವ ಒಂದು ಸ್ಥಳವನ್ನು ಕೇಳಿ, ಒಂದು ದಿನವನ್ನು ಹೆಚ್ಚಿಸಿ, ಎಲ್ಲೆಯೊಳಗೆ ಬರೆದುಕೊಂಡಿದ್ದರೆ ಮಲ್ಪೆಯೂ ಯಾತ್ರೆಯ ಭಾಗವಾಗುತ್ತಿತ್ತು.

ದೇಶವ್ರತದ ಅತಿಚಾರಗಳಾದರೂ ಇಂದಿನ ಕಾಲಕ್ಕೆ ಬರೆದಂತಿವೆ. ಸಂಜೆಯಿಂದ ಬೆಳಗಿನವರೆಗೆ ಛತ್ರದ ಆವರಣವೇ ಎಲ್ಲೆಯೆಂದು ಸಂಕಲ್ಪಿಸಿದ ಮೇಲೆ, ಹೊರಗಿನಿಂದ ವಸ್ತುವನ್ನು ತರಿಸುವುದು ಆನಯನ, ಆಳನ್ನು ಕಳುಹಿಸಿ ಕೆಲಸ ಮಾಡಿಸುವುದು ಪ್ರೇಷ್ಯಪ್ರಯೋಗ, ಕೂಗಿ ಕೆಮ್ಮಿ ಸೂಚನೆ ಕೊಡುವುದು ಶಬ್ದಾನುಪಾತ, ಮುಖ ತೋರಿಸಿ ಕರೆಯುವುದು ರೂಪಾನುಪಾತ, ಕಲ್ಲೆಸೆದು ಗಮನ ಸೆಳೆಯುವುದು ಪುದ್ಗಲಕ್ಷೇಪ. ಕೋಣೆಯಲ್ಲಿ ಕುಳಿತೇ ಮೊಬೈಲಿನಿಂದ ತಿಂಡಿ ತರಿಸುವ ಹುಡುಗನಿಗೆ ಆನಯನದ ಅರ್ಥವನ್ನು ಬೇರೆ ವಿವರಿಸಬೇಕಾಗಿಲ್ಲ. ಚಾಲಕನ ಕೈಗೆ ಹಣವಿತ್ತು ಮಕ್ಕಳಿಗೆ ರಾತ್ರಿ ಏನನ್ನಾದರೂ ತರಲು ಹೇಳುವ ತಾಯಿಯೂ ತಾನು ಉಣ್ಣಲಿಲ್ಲವೆಂದು ಸಮಾಧಾನಪಡುವಂತಿಲ್ಲ. ಕೃತದಂತೆ ಕಾರಿತವೂ ಲೆಕ್ಕಕ್ಕೆ ಬರುತ್ತದೆ. ಹಾಗೆಂದು ನಿಯಮ ಹಿಡಿಯದ ಮಕ್ಕಳ ಮೇಲೆ ಅಜ್ಜಿಯ ನಿಯಮವನ್ನು ಹೇರುವುದೂ ಸಲ್ಲದು. ವ್ರತವನ್ನು ತಾನಾಗಿ ಸ್ವೀಕರಿಸಬೇಕು. ನಾಲ್ಕೂವರೆಗೆ ಹೊಟ್ಟೆ ತುಂಬ ಬಿಸಿಯೂಟ ದೊರೆತರೆ ಒಂಬತ್ತು ಗಂಟೆಯ ಹಸಿವು ಬಹುಮಟ್ಟಿಗೆ ಹುಟ್ಟುವುದೇ ಇಲ್ಲ.

ನಾಲ್ಕನೆಯ ದಿನದ ಹಿಂದಿರುಗುವಿಕೆಯೇ ಕಠಿನವಾದುದು. ಒಂದೇ ಹಗಲಿನಲ್ಲಿ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು, ಪೂರ್ವಕ್ಕೆ ಬಂದಂತೆ ಸೂರ್ಯಾಸ್ತವೂ ಬೇಗ. ಮನೆಗೆ ಬಂದು ಉಣ್ಣುವ ಆಸೆಯನ್ನು ಬಿಟ್ಟು, ಬೆಳಕು ಹರಿಯುವ ಮೊದಲೇ ಹೊರಟು, ಸಂಜೆಯ ಊಟವನ್ನು ಚನ್ನರಾಯಪಟ್ಟಣ ಅಥವಾ ಬೆಳ್ಳೂರು ಕ್ರಾಸಿನ ಸುಮಾರಿನಲ್ಲಿ ಗೊತ್ತುಮಾಡಬೇಕು. ಅಲ್ಲಿಂದ ಮುಂದೆ ಎಲ್ಲಿಯೂ ನಿಲ್ಲುವ ಅಗತ್ಯವಿಲ್ಲ. ಘಾಟಿಯನ್ನು ಸೇರಿದಾಗ ನಾಲ್ಕು ದಿನಗಳ ದೇಶವ್ರತ ಮುಗಿಯುತ್ತದೆ. ದಿಗ್ವ್ರತ ಹಿಡಿದವರಿಗೆ ಅದು ಉಳಿದೇ ಇರುತ್ತದೆ. ಮಗಳು ಬರೆದ ಪುಸ್ತಕವನ್ನು ಮುಂದಿನ ರಜೆಗಾಗಿ ಎತ್ತಿಡಬಹುದು.